ಯಮನಿಗೆ ಓ ಅಂದವಳು

ನಮ್ಮ ಮನೆಯಲ್ಲಿ ಯಮ ಮಧ್ಯಾಹ್ನ ಮೂರು ಗಂಟೆಗೆ ಚಹಾ ಕುಡಿಯುತ್ತಿದ್ದ. ಕಿರೀಟ ತೆಗೆಯದೆ, ಮೀಸೆಗೆ ತೀಡಿದ ಕಾಡಿಗೆ ಕೆಡದಂತೆ ತುಟಿ ಮುಂದೆ ಮಾಡಿ, ಬಸಿಯಿಂದ ಸುರ್ರೆಂದು ಎಳೆಯುತ್ತಿದ್ದ. ಕಪ್ಪು-ಬಸಿ ಎತ್ತಿ ತೊಳೆದಿಡುವ ಕೆಲಸ ನನ್ನದು. ಇಳಕಲ್ಲಿನ ನಮ್ಮ ನೇಕಾರರ ಓಣಿಯಲ್ಲಿ ವರ್ಷಕ್ಕೊಮ್ಮೆ ದೊಡ್ಡಾಟ ಆಡುತ್ತಿದ್ದರು. ಅದರಲ್ಲಿ ಯಮಧರ್ಮನ ಪಾತ್ರ ನಮ್ಮಪ್ಪ ತಿಪ್ಪಣ್ಣನಿಗೆ ಕಾಯಂ. ಅಪ್ಪನ ಮೈಕಟ್ಟೇ ಹಾಗಿತ್ತು, ದನಿಯಂತೂ ಕೇಳಲೇಬೇಡಿ. ‘ಎಲವೋ’ ಎಂದು ಒಮ್ಮೆ ಎತ್ತಿದನೆಂದರೆ ಹಿತ್ತಲಿನ ಆಡು ಒದರುವುದನ್ನು ನಿಲ್ಲಿಸುತ್ತಿತ್ತು. ವರ್ಷದ ಉಳಿದ ದಿನಗಳಲ್ಲಿ ಇದೇ ಯಮ ಪಡಸಾಲೆಯ ಕುಣಿಮಗ್ಗದಲ್ಲಿ ಸೊಂಟದ ತನಕ ಇಳಿದು ಕೂತು ಸೀರೆ ನೇಯುತ್ತಿದ್ದ. ಮಗ್ಗದ ಕುಣಿ, ಅದರ ಮೇಲೊಂದು ಬೆಳಕಿಂಡಿ, ಕುಣಿಯ ಬದಿಗೆ ಅವ್ವ ಮತ್ತು ಆಯಿ ನೂಲು ಸುತ್ತುವ ಎರಡು ರಾಟಿ, ಹಿಂದೆ ದೇವರ ಜಗಲಿ, ಅದರ ಹಿಂದೆ ಹೊಗೆ ಹಿಡಿದ ಅಡುಗೆಮನೆ: ಇಷ್ಟೇ ನಮ್ಮ ಮನೆ. ಇಷ್ಟರಲ್ಲಿ ನಾಲ್ಕು ಜನ, ಒಂದು ಆಡು, ಒಬ್ಬ ಯಮ.

ಆಯಿ ಎಂದರೆ ಅಪ್ಪನ ತಾಯಿ. ಮನೆಯ ಯಜಮಾನಿಕೆ ಅವಳದೇ. ಯಮನ ವಿಷಯದಲ್ಲಿ ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ, ಯಾಕೆಂದರೆ ಅಪ್ಪನಿಗಿಂತ ಮೊದಲು ಹುಟ್ಟಿದ ಮೂರು ಕೂಸುಗಳನ್ನು ಅವಳು ಮಣ್ಣಿಗೆ ಕೊಟ್ಟಿದ್ದಳು. ನಾಲ್ಕನೆಯದನ್ನು ಹುಟ್ಟಿದ ಐದನೇ ದಿನಕ್ಕೆ ತಿಪ್ಪೆಯ ಮೇಲೆ ಮಲಗಿಸಿ, ಬೇರೆಯವರಿಂದ ಎತ್ತಿಸಿ, ಒಂದು ಮೊರ ಹೊಟ್ಟು ಕೊಟ್ಟು ವಾಪಸ್ಸು ಕೊಂಡು ತಂದು, ತಿಪ್ಪಣ್ಣ ಎಂದು ಹೆಸರಿಟ್ಟಳು. ತಿಪ್ಪೆಯಲ್ಲಿ ಬಿದ್ದದ್ದನ್ನು ಯಮ ಕೈಯಿಂದ ಮುಟ್ಟುವುದಿಲ್ಲ ಎಂಬ ನಂಬಿಕೆ ನಮ್ಮ ಕಡೆ ಹಳೆಯದು. ಅಂಥ ಮಗ ಬೆಳೆದು ದೊಡ್ಡವನಾಗಿ ಯಮನ ಪಾತ್ರವನ್ನೇ ಮಾಡುತ್ತೇನೆ ಎಂದಾಗ ಅವಳು ಒಪ್ಪಿದ್ದಾದರೂ ಹೇಗೋ, ನನಗೆ ಇಂದಿಗೂ ತಿಳಿದಿಲ್ಲ. ಒಪ್ಪಿದ್ದಕ್ಕೆ ಪ್ರತಿಯಾಗಿ ಒಂದು ಕಟ್ಟಳೆ ಹಾಕಿದ್ದಳು. ಮುಖಕ್ಕೆ ಬಣ್ಣ ಬಿತ್ತೆಂದರೆ, ಅದನ್ನು ತೊಳೆದು ಸ್ನಾನ ಮಾಡಿ ಜಗಲಿಗೆ ಅಡ್ಡಬೀಳುವ ತನಕ, ಅಪ್ಪ ಯಾರನ್ನೂ ಹೆಸರು ಹಿಡಿದು ಕರೆಯಕೂಡದು. ಯಮ ಹೆಸರು ಹಿಡಿದ ಎಂದರೆ ಲೆಕ್ಕ ಚುಕ್ತಾ. ನೀರು ಬೇಕಾದರೆ ಹೆಬ್ಬೆರಳು ತೋರಿಸಬೇಕು, ಚಹಾ ಬೇಕಾದರೆ ಕೈ ಬಸಿಯಂತೆ ಮಾಡಬೇಕು. ಒಂದು ವೇಳೆ ಬಾಯಿ ತಪ್ಪಿ ಕರೆದರೂ ನಾವು ಓ ಅನ್ನಬಾರದು. ಕರೆದದ್ದು ಅರ್ಧ, ಓ ಅಂದರೆ ಪೂರ್ತಿ ಎನ್ನುತ್ತಿದ್ದಳು ಆಯಿ.

ನಾನು ಏಳನೇ ಇಯತ್ತೆಯಲ್ಲಿದ್ದ ವರ್ಷ ಆ ಕಟ್ಟಳೆ ಮುರಿಯಿತು. ಮುರಿದದ್ದು ನೋಡಿದರೆ ನಗಬೇಕೋ ಅಳಬೇಕೋ ತಿಳಿಯದಂಥ ರೀತಿಯಲ್ಲಿ. ಆಟಕ್ಕೆ ಇನ್ನು ನಾಲ್ಕು ದಿನ ಇದೆ ಎನ್ನುವಾಗ ವೇಷ ಕಟ್ಟಿಕೊಂಡು ತಾಲೀಮು ಮಾಡುತ್ತಿದ್ದರು. ನಮ್ಮ ಪಡಸಾಲೆ ಸ್ವಲ್ಪ ಅಗಲ ಇದ್ದುದರಿಂದ ಬಣ್ಣ ಹಚ್ಚುವುದೆಲ್ಲ ಅಲ್ಲಿಯೇ. ಅಪ್ಪನ ಬಣ್ಣ ಮೊದಲು ಮುಗಿಯಿತು. ಉಳಿದವರದು ಮುಗಿಯಲು ಇನ್ನೂ ಒಂದು ತಾಸು ಬೇಕು. ನೇಕಾರನಿಗೆ ಸುಮ್ಮನೆ ಕೂಡುವುದು ಎಂದರೆ ಮೈಮೇಲೆ ಇರುವೆ ಬಿಟ್ಟಂತೆ. ಮಗ್ಗದ ಮೇಲೆ ಮದುವೆಯ ಸೀರೆಯೊಂದು ಅರ್ಧಕ್ಕೆ ನಿಂತಿತ್ತು. ಕಿರೀಟ, ಭುಜಕೀರ್ತಿ, ಎದೆಯ ಮೇಲೆ ಕವಡೆಯ ಸರ, ಹೆಗಲಿಗೆ ಪಾಶ, ಇಷ್ಟೆಲ್ಲ ಹೊತ್ತುಕೊಂಡೇ ಅಪ್ಪ ಕುಣಿಯೊಳಗೆ ಇಳಿದು ಲಾಳಿ ಹೊಡೆಯತೊಡಗಿದ. ಹತ್ತು ಹನ್ನೆರಡು ಬೆರಳಿನಷ್ಟು ನೇಯ್ದಿರಬೇಕು. ಲಾಳಿಯೊಳಗಿನ ಕಂಡಿಕೆಯ ನೂಲು ಮುಗಿಯಿತು. ದಿನಕ್ಕೆ ಇಪ್ಪತ್ತು ಸಲ ಕರೆಯುವವನು, ಅದೇ ಅಭ್ಯಾಸದಲ್ಲಿ, ತಲೆ ಎತ್ತದೆ ಕೂಗಿದ.

“ಕಸ್ತೂರೀ! ಕಂಡಿಕಿ ತಗೊಂಡ ಬಾರವಾ!”

ನಾನು ಅಡುಗೆಮನೆಯಲ್ಲಿ ಶೇಂಗಾ ಹಿಂಡಿ ಕುಟ್ಟುತ್ತಿದ್ದೆ. ನನಗೂ ಅದೇ ಅಭ್ಯಾಸ.

“ಓ! ಬಂದೆ ಅಪ್ಪಾ!”

ಹೇಳಿ ಹೊರಗೆ ಬಂದರೆ ಪಡಸಾಲೆಯಲ್ಲಿ ಎಲ್ಲರೂ ಸ್ತಬ್ಧ. ಬಣ್ಣ ಹಚ್ಚುವವನ ಕೈ ಅಲ್ಲೇ ನಿಂತಿದೆ. ಅಪ್ಪ ಕುಣಿಯೊಳಗಿಂದ ನನ್ನನ್ನು ನೋಡುತ್ತಿದ್ದಾನೆ, ಅರದಾಳದ ಬಣ್ಣ ಬಳಿದ ಆ ಮುಖದಲ್ಲಿ ಕಣ್ಣು ಮಾತ್ರ ನಮ್ಮಪ್ಪನವು. ಆಯಿ ರಾಟಿ ಬಿಟ್ಟು ಎದ್ದವಳೇ ಎದೆ ಬಡಿದುಕೊಂಡಳು.

“ಅಯ್ಯಯ್ಯೋ ನನ್ನ ಮನಿ ಹಾಳಾತು! ಬಣ್ಣದಾಗ ಕುಂತು ಹೆಸರ ಹಿಡದು ಕರದ್ಯಲ್ಲೋ ಮೂಳಾ! ಇಕಿ ಅರ ಬಾಯಿ ಮುಚ್ಚಿಕೊಂಡ ಇರಬಾರದ? ಓ ಅಂದ್ಳು! ಓ ಅಂದದ್ದ ಅಲ್ಲದ ಬಂದೆ ಅಂದ್ಳು!”

“ಯವ್ವಾ, ಕಂಡಿಕಿ ಮುಗದಿತ್ತ ಬೇ…”

“ಕಂಡಿಕಿ ಮುಗದಿತ್ತಂತ! ನಿನ್ನ ಮಗಳ ನೂಲ ಮುಗಸಿದ್ಯಲ್ಲೋ!”

ಆ ವರ್ಷ ಆಟ ಆಯಿತು, ಆದರೆ ಯಮ ಬೇರೆಯವನು. ಅಪ್ಪ ಅಲ್ಲಿಂದ ಮುಂದೆ ಮುಖಕ್ಕೆ ಬಣ್ಣ ಹಚ್ಚಲೇ ಇಲ್ಲ. ಅಷ್ಟಕ್ಕೇ ಮುಗಿದಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಮರುದಿನ ಬೆಳಿಗ್ಗೆ ಆಯಿ ನನ್ನನ್ನು, ಹನ್ನೆರಡು ತುಂಬಿದ ಹುಡುಗಿಯನ್ನು, ಓಣಿಯ ತಿಪ್ಪೆಯ ಮೇಲೆ ಕೂಡಿಸಿದಳು. ನನ್ನ ಸಾಲಿಯ ಗೆಳತಿಯರು ನೀರಿಗೆ ಹೋಗುವ ಹೊತ್ತು ಅದು. ಒಬ್ಬಳೂ ತಪ್ಪದಂತೆ ಎಲ್ಲರೂ ನೋಡಿದರು. ಪಕ್ಕದ ಮನೆಯ ಖಾಜಾಬಿ ಬಂದು, ‘ಯಾರ ಕೂಸೋ ಏನೋ, ಪಾಪ’ ಎಂದು ರಾಗ ಎಳೆದು ನನ್ನ ರಟ್ಟೆ ಹಿಡಿದು ಎಬ್ಬಿಸಿದಳು. ಎತ್ತಿಕೊಳ್ಳಲು ಬಗ್ಗಿದ್ದಳು, ಆದರೆ ನಾನು ಅವಳಿಗಿಂತ ಎರಡು ಬೆರಳು ಎತ್ತರ ಇದ್ದೆ. ಆಯಿ ಒಂದು ಮೊರ ಹೊಟ್ಟು ಕೊಟ್ಟು ನನ್ನನ್ನು ಕೊಂಡಳು. ಅಂದಿನಿಂದ ನನ್ನ ಹೆಸರು ತಿಪ್ಪವ್ವ. ಕಸ್ತೂರಿ ಎಂದು ಯಾರೂ ಕರೆಯುವಂತಿಲ್ಲ. ಅಪ್ಪನ ಹೆಸರು ತಿಪ್ಪಣ್ಣ, ಮಗಳು ತಿಪ್ಪವ್ವ. ಮನೆಯಲ್ಲಿ ಉಳಿದದ್ದು ಆಡಿಗೊಂದು ತಿಪ್ಪಿ ಎಂದು ಹೆಸರಿಡುವುದಷ್ಟೇ. ಹಾಗೆಂದು ಹೇಳಿ ಆಯಿಯಿಂದ ಬೆನ್ನಿಗೆ ಒಂದು ಗುದ್ದು ತಿಂದೆ.

ನನಗೆ ಸಾಕೋ ಸಾಕಾಗಿ ಹೋಯಿತು. ಬಾವಿಗೆ ಹೋಗುವಂತಿಲ್ಲ, ಮಾಳಿಗೆ ಹತ್ತುವಂತಿಲ್ಲ, ಹುಣಸೆಮರದ ಕೆಳಗೆ ನಿಲ್ಲುವಂತಿಲ್ಲ. ಊಟಕ್ಕೆ ಕೂತರೆ ನನ್ನ ರೊಟ್ಟಿಯ ಮೊದಲ ತುತ್ತನ್ನು ಆಯಿ ತಿಂದು ನೋಡುತ್ತಿದ್ದಳು, ಪುಂಡಿಪಲ್ಯದಲ್ಲಿ ಯಮ ಕೂತಿರುತ್ತಾನೇನೋ ಎಂಬಂತೆ. ಒಂದು ಸೀನು ಬಂದರೆ ಲೋಬಾನದ ಹೊಗೆ, ಎರಡು ಬಂದರೆ ಮೆಣಸಿನಕಾಯಿ ನಿವಾಳಿಸುವುದು. ಆ ಘಾಟಿಗೆ ಇನ್ನೂ ಹತ್ತು ಸೀನು. ಅಪ್ಪನದು ಇನ್ನೊಂದು ಕಥೆ. ಬಣ್ಣ ಇಲ್ಲದಾಗಲೂ ಅವನು ಯಾರನ್ನೂ ಹೆಸರು ಹಿಡಿದು ಕರೆಯುವುದನ್ನು ಬಿಟ್ಟುಬಿಟ್ಟ. ಕಂಡಿಕೆ ಬೇಕಾದರೆ ಕುಣಿಯೊಳಗಿಂದ ಚಪ್ಪಾಳೆ ತಟ್ಟುತ್ತಿದ್ದ. ಒಂದು ಚಪ್ಪಾಳೆ ಅವ್ವನಿಗೆ, ಎರಡು ನನಗೆ. ಆ ದೊಡ್ಡ ದನಿಯ ಮನುಷ್ಯ ಚಪ್ಪಾಳೆ ತಟ್ಟಿ ಕೂಡುವುದನ್ನು ನೋಡಿದರೆ ನನಗೆ ಒಂದೆಡೆ ಕರುಳು ಚುರ್ ಎನ್ನುತ್ತಿತ್ತು, ಇನ್ನೊಂದೆಡೆ ಮೈಯೆಲ್ಲ ಉರಿಯುತ್ತಿತ್ತು. ಖಾಜಾಬಿಗೆ ಮಾತ್ರ ಇದರಿಂದ ಲಾಭವೇ ಆಯಿತು. ‘ನಾ ಎಬ್ಬಸಲಿಲ್ಲಂದ್ರ ನೀ ಇನ್ನಾ ತಿಪ್ಪ್ಯಾಗ ಇರತಿದ್ದಿ’ ಎಂದು ಹಕ್ಕಿನಿಂದ ನನ್ನ ಕೈಯಲ್ಲಿ ತನ್ನ ಅಕ್ಕಿ ಆರಿಸಿಕೊಳ್ಳುತ್ತಿದ್ದಳು.

ನಿಜವಾದ ಪೇಚು ಬಂದದ್ದು ಸಾಲಿಯದು. ಆಗ ಏಳನೆಯದಕ್ಕೆ ಸರ್ಕಾರದ ಪರೀಕ್ಷೆ ಇತ್ತು. ಹಳಬರು ಅದನ್ನು ಮುಲ್ಕಿ ಎನ್ನುತ್ತಿದ್ದರು. ಮುಲ್ಕಿ ಪಾಸಾದರೆ ಹೈಸ್ಕೂಲು, ಇಲ್ಲವಾದರೆ ಹುಡುಗಿಯರಿಗೆ ಸೀದಾ ರಾಟಿ. ಅವ್ವ ಐದನೆಯದಕ್ಕೇ ಸಾಲಿ ಬಿಟ್ಟು ರಾಟಿಯ ಮುಂದೆ ಕೂತವಳು. ಅವಳ ಬಲಗೈ ತೋಳು ಎಡಗೈಯದಕ್ಕಿಂತ ದಪ್ಪಗಿತ್ತು. ನನಗೆ ಅದು ಬೇಡವಾಗಿತ್ತು. ನನಗೆ ಓದಬೇಕಿತ್ತು, ಅಷ್ಟೇ. ದೊಡ್ಡ ಕನಸೇನೂ ಇರಲಿಲ್ಲ. ಹೈಸ್ಕೂಲಿನ ಹುಡುಗಿಯರು ನೀಲಿ ಲಂಗ ತೊಟ್ಟು, ಎದೆಗೆ ಪುಸ್ತಕ ಅವಚಿಕೊಂಡು ಗುಂಪಾಗಿ ಹೋಗುತ್ತಿದ್ದುದನ್ನು ನೋಡಿ ಹೊಟ್ಟೆ ಉರಿಯುತ್ತಿತ್ತು. ಆಯಿ ಸಾಲಿಗೆ ಬಂದು ಮಾಸ್ತರರ ಮುಂದೆ ನಿಂತು, ಹಾಜರಿಯಲ್ಲಿ ಈ ಹುಡುಗಿಯ ಹೆಸರು ಕೂಗಬೇಡಿರಿ, ಪರೀಕ್ಷೆಗೂ ಹೆಸರು ಬದಲು ಮಾಡಿರಿ ಎಂದು ಗಂಟು ಬಿದ್ದಳು. ಮಾಸ್ತರರು ಒಳ್ಳೆಯವರು. ಹಾಜರಿಗೆ ಕೈ ಎತ್ತಿದರೆ ಸಾಕು ಎಂದರು. ಆದರೆ ಪರೀಕ್ಷೆಯ ಕಾಗದ ಆಗಲೇ ಹೋಗಿತ್ತು.

“ಹೆಸರ ಬದಲಿ ಆಗೂದಿಲ್ರಿ ಅಮ್ಮಾ. ಕಸ್ತೂರಿ ತಿಪ್ಪಣ್ಣ ಅಂತನ ಐತಿ.”

“ಹಂಗಾರ ನಮಗ ಪರೀಕ್ಷಾನ ಬ್ಯಾಡ್ರಿ” ಎಂದು ಆಯಿ ನನ್ನ ಕೈ ಹಿಡಿದು ಎಳೆದುಕೊಂಡು ಬಂದಳು.

ಅಂದು ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಅತ್ತೆಯ ಎದುರು ಅವಳು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

“ಸಾಲಿ ಬಿಡಿಸಿ ಏನ ಮಾಡ್ಬೇಕಂತ ಮಾಡೀರಿ ಅತ್ತೀ? ನನ್ನಂಗ ರಾಟಿ ಮುಂದ ಕೂಡಸ್ತೀರೇನು?”

“ಕೂಡ್ಲಿ. ಕೂಡಾಕ ಜೀವ ಅರ ಇರ್ತೈತಿ.”

ಅವ್ವ ಮತ್ತೆ ರೊಟ್ಟಿ ಬಡಿಯತೊಡಗಿದಳು, ಎಷ್ಟು ಜೋರಾಗಿ ಎಂದರೆ ಒಂದೂ ದುಂಡಗೆ ಬರಲಿಲ್ಲ. ತಪ್ಪು ಮಾಡಿದವನು ತಾನೆಂದು ಅಪ್ಪ ಬಾಯಿಗೆ ಬೀಗ ಹಾಕಿಕೊಂಡಿದ್ದ. ಹೀಗಾಗಿ ನನ್ನ ವಕಾಲತ್ತು ನಾನೇ ಮಾಡಬೇಕಾಯಿತು. ಎಂಟು ದಿನ ಆಯಿಯ ಬೆನ್ನು ಬಿಡಲಿಲ್ಲ. ಪರೀಕ್ಷೆಯಲ್ಲಿ ಹೆಸರಿಗೆ ಬೆಲೆಯೇ ಇಲ್ಲ, ಉತ್ತರ ಪತ್ರಿಕೆಯ ಮೇಲೆ ಹೆಸರು ಬರೆದರೆ ಫೇಲೇ ಮಾಡುತ್ತಾರೆ, ಅಲ್ಲಿ ಎಲ್ಲ ನಂಬರು, ನಾನು ಅಲ್ಲಿ ಕಸ್ತೂರಿಯೂ ಅಲ್ಲ ತಿಪ್ಪವ್ವನೂ ಅಲ್ಲ ಎಂದು ಅವಳ ತಲೆಗೆ ಎಣ್ಣೆ ಹಚ್ಚುತ್ತ, ಕಾಲು ಒತ್ತುತ್ತ ಹೇಳಿದೆ. ಒಂಬತ್ತನೇ ದಿನ ಆಯಿ ಸ್ವಲ್ಪ ಮೆತ್ತಗಾದಳು. ‘ಬರೇ ನಂಬರ ಅಂದ್ರ ಆ ಮುದಿಯಾಗ ಗುರ್ತ ಹತ್ತಲಿಕ್ಕಿಲ್ಲ’ ಎಂದಳು. ಆ ಮುದಿಯ ಎಂದರೆ ಯಮ. ನಾನು ಕುಣಿದಾಡಿಬಿಟ್ಟೆ.

ಅಷ್ಟರಲ್ಲಿ ಟಿವಿ ಬಂತು ನೋಡಿ, ನನ್ನ ಬಾಯಿಗೆ ಮಣ್ಣು ಹಾಕಲಿಕ್ಕೆ. ಖಾಜಾಬಿಯ ಗಂಡ ರೇಡಿಯೋ ರಿಪೇರಿ ಮಾಡುವವನು; ಎಲ್ಲಿಂದಲೋ ಹಳೆಯದೊಂದು ಟಿವಿ ತಂದು, ಮಾಳಿಗೆಯ ಮೇಲೆ ಕೋಲು ನೆಟ್ಟು, ಓಣಿಗೆಲ್ಲ ಮೊದಲಿಗನಾದ. ರವಿವಾರ ಮುಂಜಾನೆ ಅದರಲ್ಲಿ ಒಂದು ಹಿಂದಿ ಧಾರಾವಾಹಿ ಬರುತ್ತಿತ್ತು. ಚುಕ್ಕೆಗಳ ನಡುವೆ ಹಾರುವ ಹಡಗು, ಅದರೊಳಗೆ ಮೈಗಂಟುವ ಅಂಗಿ ತೊಟ್ಟ ಜನ, ಗೋಡೆ ತುಂಬ ಮಿಣುಕು ದೀಪ. ಚಿತ್ರಕ್ಕಿಂತ ಹೆಚ್ಚು ಬಿಳಿ ಚುಕ್ಕೆಗಳೇ ಕಾಣುತ್ತಿದ್ದವು, ಯಾವುದು ಆಕಾಶದ್ದು ಯಾವುದು ಟಿವಿಯದು ಎಂದು ಗೊತ್ತಾಗುತ್ತಿರಲಿಲ್ಲ. ಓಣಿಯ ಹೆಂಗಸರಲ್ಲಿ ಹಿಂದಿ ಸರಿಯಾಗಿ ತಿಳಿಯುತ್ತಿದ್ದುದು ಖಾಜಾಬಿಗೆ ಮಾತ್ರ, ಅದಕ್ಕೇ ಅವಳು ಎಲೆ ಅಡಿಕೆ ಅಗಿಯುತ್ತ ನಮಗೆಲ್ಲ ಕನ್ನಡ ಮಾಡಿ ಹೇಳುತ್ತಿದ್ದಳು. ಆ ರವಿವಾರ ಹಡಗಿನೊಳಗೆ ಒಬ್ಬ ಸಣಕಲ ಮನುಷ್ಯ ಬಂದ. ಬೆಳ್ಳಿ ಬಣ್ಣದ ಸೂಟು, ಬೋಳಿಸಿದ ಗದ್ದ, ಮೀಸೆ ಇಲ್ಲ, ಕೋಣ ಇಲ್ಲ, ಸೊಂಟದಲ್ಲೊಂದು ಗುಂಡಿಗಳಿರುವ ಪೆಟ್ಟಿಗೆ. ಅವನು ಮೆಲ್ಲಗೆ ಏನೋ ಅಂದು ಗುಂಡಿ ಒತ್ತಿದ. ಎದುರು ಕೂತಿದ್ದವನು ಇದ್ದಲ್ಲೇ ಮಾಯ.

“ಇಂವ ಯಾರ?” ಎಂದಳು ಆಯಿ.

“ಮೌತ್ ಬೇ ಆಯೀ. ಸಾವು. ನಿಮ್ಮ ಯಮ ಅದಾನಲ್ಲ, ಅಂವನ.”

ಅಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಎರಡು ತಿಂಗಳಿಂದ ಚಪ್ಪಾಳೆಯಲ್ಲೇ ಸಂಸಾರ ಮಾಡಿದವನಿಗೆ ಅಲ್ಲಿ ಬಾಯಿ ಬಂತು.

“ಇಂವಗ ಪಾತ್ರ ಕೊಟ್ಟಾಂವ ಯಾಂವ? ಎದಿ ಇಲ್ಲ, ದನಿ ಇಲ್ಲ. ಜೀವಾ ಒಯ್ಯಾಕ ಬಂದಾಂವ ಮಾಫ್ ಕರೋ ಅಂತಾನಲ್ಲ, ಇಂವನ ಮುಖಕ್ಕ! ಪಾಶ ಎಲ್ಲೈತಿ?”

“ಪಾಶ ಬ್ಯಾಡಂತ ಅಣ್ಣಾ. ಇಂವಗ ಹೆಸರೂ ಬ್ಯಾಡಂತ. ಹುಟ್ಟಿದಾವ್ರಿಗೆಲ್ಲಾ ಮ್ಯಾಲ ಒಂದೊಂದ ನಂಬರ ಕೊಟ್ಟಾರಂತ. ಪೆಟಗಿ ಮ್ಯಾಲ ನಂಬರ ಒತ್ತಿದ್ರ ಮುಗೀತು.”

ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಆಯಿ ಟಿವಿ ಬಿಟ್ಟು ನನ್ನನ್ನೇ ನೋಡುತ್ತಿದ್ದಳು.

“ನಿನ್ನ ಮುಲ್ಕಿದಾಗ ನಂಬರ ಅಂದಿದ್ದೆಲ್ಲಾ ತಿಪ್ಪೀ?”

“ಅದು ಆಟ ಬೇ ಆಯಿ! ಟಿವ್ಯಾಗಿಂದು! ಸುಳ್ಳ ಅದು!”

“ನಿಮ್ಮಪ್ಪಂದೂ ಆಟನ ಇತ್ತು.”

ಇದಕ್ಕೆ ಯಾವ ವಕೀಲ ಏನು ಉತ್ತರ ಕೊಡುತ್ತಾನೆ ಹೇಳಿ. ನಾನು ಮನೆಗೆ ಬಂದು ರಾಟಿಗೆ ಒದ್ದೆ, ಪಾಟಿ ಚೀಲ ಕುಣಿಯೊಳಗೆ ಎಸೆದೆ, ಎರಡು ಹೊತ್ತು ಉಣ್ಣಲಿಲ್ಲ. ಅಪ್ಪನ ಯಮ ಹೆಸರು ಕೇಳುತ್ತಾನೆ, ದಿಲ್ಲಿಯ ಯಮ ನಂಬರು ಕೇಳುತ್ತಾನೆ. ಇವರಿಬ್ಬರ ನಡುವೆ ನನ್ನ ಹೈಸ್ಕೂಲು ಹೋಯಿತು ಎಂದು ಬಿಕ್ಕಿ ಬಿಕ್ಕಿ ಅತ್ತೆ. ಖಾಜಾಬಿಯ ಮೇಲೂ ಸಿಟ್ಟು ಬಂದಿತ್ತು. ಅಲ್ಲ, ಕನ್ನಡ ಮಾಡಿ ಹೇಳುವಾಗ ಅಷ್ಟು ಖರೆ ಯಾಕೆ ಹೇಳಬೇಕಿತ್ತು? ಬೇರೆ ದಿನ ಕಾಲುಭಾಗ ಹಿಂದಿ, ಮುಕ್ಕಾಲು ತನ್ನದೇ ಸೇರಿಸಿ ಹೇಳುವವಳು. ನಂಬರಿನ ಮಾತು ಬಂದಾಗಲೇ ಅವಳಿಗೆ ಸತ್ಯ ನೆನಪಾಗಬೇಕೇ?

ಮುಂದಿನ ರವಿವಾರ ನಾನು ಟಿವಿ ನೋಡಲು ಹೋಗಲಿಲ್ಲ. ಮುಲ್ಕಿಗೆ ಇನ್ನು ಎಂಟೇ ದಿನ. ಬರೆಯಲು ಬಿಡದಿದ್ದರೂ ಓದುತ್ತೇನೆ ಎಂಬ ಹಟದಿಂದ ಬೆಳಕಿಂಡಿಯ ಕೆಳಗೆ ಕೂತು, ಎಲ್ಲರಿಗೂ ಕೇಳಿಸುವಂತೆ ಒದರಿ ಓದುತ್ತಿದ್ದೆ. ಆಯಿ ಖಾಜಾಬಿಯ ಮನೆಯಿಂದ ವಾಪಸ್ಸು ಬಂದಳು. ಬಂದವಳು ನನ್ನ ಎದುರು ಕಂಬಕ್ಕೆ ಆತು ಕೂತಳು. ಆಮೇಲೆ ಅಂದಳು:

“ಪರೀಕ್ಷಾಕ್ಕ ಹೋಗು. ದಿನಾ ನಾನೂ ಸಂಗಾಟ ಬರ್ತೇನಿ.”

ನಾನು ಕಾರಣ ಕೇಳಲಿಲ್ಲ. ಕೇಳಿದರೆ ಎಲ್ಲಿ ಮನಸ್ಸು ಬದಲಾಯಿಸುತ್ತಾಳೋ ಎಂದು ಭಯ. ಅವ್ವ ಅಂದು ಗೋಧಿ ಹುಗ್ಗಿ ಮಾಡಿದಳು.

ನಮ್ಮ ನಂಬರು ಊರಿನ ಆ ತುದಿಯ ದೊಡ್ಡ ಸಾಲಿಗೆ ಬಂದಿತ್ತು. ನಡೆದರೆ ಅರ್ಧ ತಾಸು, ಆಯಿಯ ಜೊತೆ ಒಂದು ತಾಸು. ಮೊದಲ ದಿನ ಗೇಟಿನೊಳಗೆ ಹುಡುಗಿಯರೆಲ್ಲ ಸಾಲಾಗಿ ನಿಂತಿದ್ದೆವು, ಹಿಂದೆ ಬೇವಿನ ಮರದ ಕೆಳಗೆ ಮನೆಯ ಹಿರಿಯರು. ಮೆಟ್ಟಿಲ ಮೇಲೆ ಒಬ್ಬರು ಸಾಹೇಬರು ಯಾದಿ ಹಿಡಿದು ನಂಬರೂ ಹೆಸರೂ ಎರಡನ್ನೂ ಕೂಗುತ್ತಿದ್ದರು. ಹಾಜರ್ರೀ ಎಂದವಳು ಒಳಗೆ ಹೋಗಬೇಕು. ನಂಬರು ಮಾತ್ರ ಎಂದು ನಾನು ಆಣೆ ಮಾಡಿ ಹೇಳಿದ್ದೆ! ನಾನು ಹೆದರಿದ್ದು ಯಮನಿಗಲ್ಲ, ಆಯಿಗೆ. ಈಗ ಬಂದು ನನ್ನನ್ನು ಜಡೆ ಹಿಡಿದು ಮನೆಗೆ ಎಳೆಯುತ್ತಾಳೆ ಎಂದುಕೊಂಡೆ. ಸಾಹೇಬರು ನನ್ನ ನಂಬರು ಕೂಗಿದರು, ಹೆಸರು ಕೂಗಿದರು. ನಾನು ಬಾಯಿ ತೆಗೆಯುವಷ್ಟರಲ್ಲಿ ಬೇವಿನ ಮರದ ಕಡೆಯಿಂದ ದನಿ ಬಂತು.

“ಓ!”

ಎಲ್ಲರೂ ತಿರುಗಿ ನೋಡಿದರು. ಆಯಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಮುಖ ಮೇಲೆತ್ತಿ ನಿಂತಿದ್ದಳು.

“ಯಾರ್ರಿ ಅದು?” ಎಂದರು ಸಾಹೇಬರು.

“ನಾನರೀ.”

“ಏನಮ್ಮಾ, ಮುಲ್ಕಿ ನೀವು ಬರೀತೀರೇನು?”

“ಬರಿಯೂದು ಇಕಿ ಬರೀತಾಳ್ರಿ. ಓ ಅನ್ನೂದು ಅಷ್ಟ ನಂದು.”

ಇಡೀ ಅಂಗಳ ಗೊಳ್ಳೆಂದು ನಕ್ಕಿತು. ನನಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಕನ್ನಡ ಪತ್ರಿಕೆ ಹೇಗೆ ಬರೆದೆನೋ, ಸಿಟ್ಟಿನಲ್ಲಿ ಎರಡು ಸಲ ನಿಬ್ಬು ಮುರಿಯಿತು. ಹೊರಗೆ ಬಂದವಳೇ ಆಯಿಗೆ ದಾರಿಯುದ್ದಕ್ಕೂ ಬೈದೆ. ಮಾನ ಕಳೆದಿ, ಮುಖ ತೋರಿಸದಂತೆ ಮಾಡಿದಿ, ನಾಳೆಯಿಂದ ಬಂದರೆ ನೋಡು ಎಂದೆ. ಅವಳು ಮನೆಗೆ ಬಂದು ತಲೆ ಮೇಲೆ ನೀರು ಹಾಕಿಕೊಂಡು, ಪೆಟ್ಟಿಗೆಯಿಂದ ಹೊಸ ಸೀರೆ ತೆಗೆದು ಉಟ್ಟು, ಹಣೆಗೆ ವಿಭೂತಿ ಹಚ್ಚಿ, ಜಗಲಿಯ ಮುಂದೆ ಚಾಪೆ ಹಾಸಿ ಮಲಗಿಬಿಟ್ಟಳು. ಊಟಕ್ಕೆ ಕರೆದರೆ ಬೇಡ ಎಂದಳು.

ಸಂಜೆ ಖಾಜಾಬಿ ಇಣುಕಿ ಆ ಅವತಾರ ನೋಡಿ ನನ್ನನ್ನು ಹೊರಗೆ ಕರೆದಳು. ನಾನು ಟಿವಿ ನೋಡಲು ಹೋಗದ ಆ ರವಿವಾರದ ಕಥೆ ಅವಳು ಹೇಳಿದಾಗಲೇ ನನಗೆ ತಿಳಿದದ್ದು. ಆ ಸೂಟಿನವನು ಹಡಗಿನ ಒಬ್ಬ ಹುಡುಗಿಯ ನಂಬರು ಹಿಡಿದು ಬಂದಿದ್ದನಂತೆ. ಹಡಗಿನ ಮುದಿ ಯಜಮಾನ ಮುಂದೆ ಬಂದು, ಆ ನಂಬರು ನನ್ನದು ಎಂದು ಹಾಜರಿ ಹೇಳಿದನಂತೆ. ಸೂಟಿನವನು ಅವನ ಮುಖ ನೋಡಿ, ಪೆಟ್ಟಿಗೆ ನೋಡಿ, ಅವನನ್ನೇ ಕರೆದುಕೊಂಡು ಹೋದನಂತೆ.

“ಅದನ್ನ ನಿಮ್ಮಾಯಿ ನನ್ನ ಕಡಿಂದ ಮೂರ ಸಲ ಹೇಳಿಸಿದ್ಳವಾ. ಯಾರ ಓ ಅಂತಾರೋ ಅವರ್ನ ಒಯ್ತಾನ? ಖರೇನ? ಖರೇನ? ಅಂತ. ನಾ ಹೂಂ ಅಂದೆ. ಹೂಂ ಅನ್ನಬಾರದಾಗಿತ್ತು ಕಾಣಸ್ತೈತಿ.”

ನಾನು ಒಳಗೆ ಹೋಗಿ ನೋಡಿದೆ. ಆಯಿ ಅಂಗಾತ ಮಲಗಿ ಕೈ ಎದೆಯ ಮೇಲಿಟ್ಟುಕೊಂಡು ತೊಲೆ ನೋಡುತ್ತಿದ್ದಳು. ಹೆದರಿದ್ದಳು. ಅವಳ ತುಟಿ ಒಣಗಿದ್ದನ್ನು, ಕಾಲಿನ ಬೆರಳು ಸುಮ್ಮಸುಮ್ಮನೆ ಆಡುತ್ತಿದ್ದುದನ್ನು ನಾನು ಕಂಡೆ. ನನಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಸಿಟ್ಟೂ ಇಳಿದಿರಲಿಲ್ಲ. ಹುಚ್ಚಿ, ಎಂಥಾ ಹುಚ್ಚಿ ಎಂದು ಗೊಣಗುತ್ತ ಹೋಗಿ ಗಣಿತದ ಪುಸ್ತಕ ತೆಗೆದೆ.

ಬೆಳಗಾಯಿತು. ಆಯಿಗೆ ಏನೂ ಆಗಿರಲಿಲ್ಲ. ಎದ್ದು ಕೂತು ಕೈ ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡಳು. ಆಮೇಲೆ ಎರಡು ರೊಟ್ಟಿ ತಿಂದು, ಹೊಸ ಸೀರೆಯಲ್ಲೇ ಬಾಗಿಲಲ್ಲಿ ನಿಂತಳು.

“ಆತಲ್ಲ ಬೇ, ನಿನ್ನೆ ಅಂದೆಲ್ಲಾ ಓ” ಎಂದೆ.

“ನಿನ್ನಿ ಕರದದ್ದಕ್ಕ ನಿನ್ನಿ ಓ. ಇವತ್ತ ಮತ್ತ ಕರೀತಾರಲ್ಲ.”

ಹೀಗೆ ಐದು ದಿನ. ಐದು ಪತ್ರಿಕೆ, ಐದು ಓ. ಪ್ರತಿ ದಿನ ಮುಂಜಾನೆ ಸಾಯಲು ಸಿದ್ಧಳಾಗಿ ಬರುತ್ತಿದ್ದಳು, ಸಂಜೆ ಜಗಲಿಯ ಮುಂದೆ ಕಾಯುತ್ತಿದ್ದಳು, ಮರುದಿನ ಎದ್ದು ಮತ್ತೆ ಬರುತ್ತಿದ್ದಳು. ಮೂರನೇ ದಿನದಿಂದ ಸಾಹೇಬರು ನನ್ನ ಹೆಸರು ಕೂಗಿ ತಾವೇ ಬೇವಿನ ಮರದ ಕಡೆ ನೋಡುತ್ತಿದ್ದರು. ಹುಡುಗಿಯರು ಓ ಬರುವ ಮೊದಲೇ ಕಿಸಕ್ಕೆನ್ನುತ್ತಿದ್ದರು. ನಾನು ಹಲ್ಲು ಕಚ್ಚಿಕೊಂಡು ಒಳಗೆ ಹೋಗುತ್ತಿದ್ದೆ. ಐದನೆಯ ದಿನ ಬಿಸಿಲು ಕೆಟ್ಟದಾಗಿತ್ತು. ವಾಪಸ್ಸು ಬರುವಾಗ ಆಯಿ ಒಂದು ಅಂಗಡಿಯ ಕಟ್ಟೆಗೆ ಕೈ ಊರಿದಳು, ಹಾಗೇ ಕುಸಿದಳು. ಮುಖ ಬಿಳಿಚಿ, ಮೈಯೆಲ್ಲ ತಣ್ಣನೆಯ ಬೆವರು. ನಾನು ಓಡಿ ಹೋಗಿ ಅಪ್ಪನನ್ನು ಕರೆತಂದೆ. ಅಪ್ಪ ಅವಳನ್ನು ಕೂಸಿನಂತೆ ಬೆನ್ನಿಗೆ ಹಾಕಿಕೊಂಡು ಬಂದ. ದವಾಖಾನೆಯವರು ಸೂಜಿ ಚುಚ್ಚಿ, ಎದೆ ಸೋತಿದೆ, ಎರಡು ದಿನ ಮಂಚ ಬಿಟ್ಟು ಏಳಿಸಬೇಡಿ ಎಂದರು. ಆಯಿಗೆ ಮಾತ್ರ ಒಂದು ಥರದ ಸಮಾಧಾನ ಬಂದಂತಿತ್ತು. ಅವ್ವನನ್ನು ಕರೆದು, ‘ಬರಾಕ ಹತ್ಯಾನ ನೋಡು’ ಎಂದಳು. ಆ ಸಂಜೆ ನಾನು ಪುಸ್ತಕ ತೆಗೆಯಲಿಲ್ಲ. ಅವಳ ಪಾದ ಹಿಡಿದುಕೊಂಡು ಕೂತಿದ್ದೆ. ಎಷ್ಟು ತಿಕ್ಕಿದರೂ ಬೆಚ್ಚಗಾಗಲಿಲ್ಲ.

ಆರನೆಯ ದಿನ ಸಮಾಜ ವಿಜ್ಞಾನ. ಆಯಿ ಏಳುವ ಮೊದಲೇ ನಾನು ಸದ್ದಿಲ್ಲದೆ ಹೊರಟುಬಿಟ್ಟೆ. ಸಾಲಿಯ ಅಂಗಳದಲ್ಲಿ ನಿಂತಾಗ ಬೇವಿನ ಮರದ ಕೆಳಗೆ ಅವಳಿಲ್ಲ ಎಂದು ನೋಡಿ ಉಸಿರು ಬಿಟ್ಟೆ. ಸಾಹೇಬರು ಯಾದಿ ಓದತೊಡಗಿದರು. ನನಗಿಂತ ಮೂರು ಹೆಸರು ಮೊದಲು ಗೇಟಿನಲ್ಲಿ ಗದ್ದಲವಾಯಿತು. ಅಪ್ಪನ ಹೆಗಲ ಮೇಲೆ ಕೈ ಹಾಕಿ, ಒಂದೊಂದೇ ಹೆಜ್ಜೆ ಎಳೆಯುತ್ತ, ಅದೇ ಸೀರೆಯಲ್ಲಿ ಅವಳು ಬರುತ್ತಿದ್ದಳು. ಅಪ್ಪನ ಮುಖ ನೋಡಿದರೆ ಗೊತ್ತಾಗುತ್ತಿತ್ತು, ತಡೆದು ತಡೆದು ಸೋತು ಬಂದಿದ್ದಾನೆ ಎಂದು. ಆಯಿ ಮರಕ್ಕೆ ಕೈ ಕೊಟ್ಟು ನಿಂತು, ಉಸಿರು ಎಳೆದುಕೊಂಡು, ಬಾಯಿ ತೆರೆದು ಸಿದ್ಧಳಾದಳು. ಸಾಹೇಬರು ನನ್ನ ನಂಬರು ಕೂಗಿದರು. ಮರದ ಕಡೆ ನೋಡುತ್ತ ಹೆಸರು ಕೂಗಿದರು. ಹೆಸರು ಪೂರ್ತಿಯಾಗುವ ಮೊದಲೇ, ನನ್ನ ಜನ್ಮದಲ್ಲಿ ಎಂದೂ ಕೂಗದಷ್ಟು ಜೋರಾಗಿ, ನಾನು ಕೂಗಿದೆ.

“ಓ! ಓ! ನಾನ ಅದೀನ್ರಿ! ನಾನ!”

ಆಯಿಯ ಓ ಬಂತು, ಆದರೆ ನನ್ನದರ ಹಿಂದೆ. ಈ ಸಲ ಯಾರೂ ನಗಲಿಲ್ಲ. ನಾನು ತಿರುಗಿ ನೋಡದೆ ಓಡಿ ಒಳಗೆ ಹೋದೆ. ಏನು ಬರೆದೆನೋ ಒಂದೂ ನೆನಪಿಲ್ಲ.

ಹೊರಗೆ ಬಂದಾಗ ಆಯಿ ಮರದ ಬುಡದಲ್ಲಿ ಕೂತಿದ್ದಳು. ಅಪ್ಪ ಸ್ವಲ್ಪ ದೂರದಲ್ಲಿ ಒಂದು ಟಾಂಗಾ ಗೊತ್ತು ಮಾಡುತ್ತಿದ್ದ. ಅವಳ ಮುಖ ಕೆಂಪೇರಿತ್ತು. ನಿನ್ನೆಯ ಆ ಬಿಳಿಚು ಎಲ್ಲಿಗೆ ಹೋಗಿತ್ತೋ.

“ಯಾಕ ಓ ಅಂದಿ?”

ನಾನು ಬಗ್ಗಿ ಅವಳ ಸೀರೆಗೆ ಹತ್ತಿದ್ದ ಬೇವಿನೆಲೆ ಕೊಡವತೊಡಗಿದೆ.

“ಯಮಾ ಇಲ್ಲ, ಏನಿಲ್ಲ, ಎಲ್ಲಾ ಸುಳ್ಳ ಅಂತಿದ್ದೆಲ್ಲಾ? ನಂಬ್ತೀಯೇನ ಈಗ?”

“ನಂಬೂದಿಲ್ಲ.”

“ಮತ್ತ ನನಗಿಂತ ಮೊದಲ ಓ ಅನ್ನಾಕ ಅಷ್ಟ ಗಡಿಬಿಡಿ ಯಾಕ ಮಾಡಿದಿ?”

ನನ್ನ ಕಣ್ಣಲ್ಲಿ ನೀರು ಬಂತು, ಅದಕ್ಕೂ ಸಿಟ್ಟು ಬಂತು. ‘ಸುಮ್ನ ನಡಿ ಬೇ, ಬಿಸಲ ಭಾಳ ಐತಿ’ ಎಂದು ಗದರಿಸಿ ಅವಳ ಕೈ ಹಿಡಿದು ಎಬ್ಬಿಸಿದೆ. ಅವಳು ನನ್ನನ್ನು ಬೈದಳು, ನಾನು ಅವಳನ್ನು ಬೈದೆ. ಟಾಂಗಾ ಓಣಿ ಮುಟ್ಟುವ ತನಕ ಬೈಯುವುದನ್ನು ಇಬ್ಬರೂ ನಿಲ್ಲಿಸಲಿಲ್ಲ, ಹಿಡಿದ ಕೈಯನ್ನೂ ಬಿಡಲಿಲ್ಲ.